ತಿರುಗದ ಮಿಷನ್ನಿಗೆ ಎರಡು ಆಯುಧಪೂಜೆ

ಇವತ್ತು ಬೆಳಿಗ್ಗೆ ಆಯುಧಪೂಜೆಗೆಂದು ನನ್ನ ಹಿಟ್ಟಿನ ಮಿಷನ್ನನ್ನು ಒರೆಸುತ್ತಿದ್ದೆ. ಮೇಲಿನ ಹಿಟ್ಟೆಲ್ಲ ಒದ್ದೆ ಬಟ್ಟೆಗೆ ಬಂತು. ಅದರ ಹೊಟ್ಟೆಯ ಮೇಲೆ, ಬೆಲ್ಟಿನ ಪಕ್ಕದಲ್ಲಿ, ಅರಿಶಿನ ಕುಂಕುಮದ ಎರಡು ಮಚ್ಚೆಗಳಿವೆ. ಅವು ಮಾತ್ರ ಬರಲಿಲ್ಲ. ಯಾವ ವರ್ಷವೂ ಬರುವುದಿಲ್ಲ. ತೆಂಗಿನ ನಾರು ಹಾಕಿ ಉಜ್ಜುತ್ತೇನೆ, ಚಾಕುವಿನ ತುದಿಯಲ್ಲಿ ಕೆರೆಯುತ್ತೇನೆ. ಸುತ್ತಲಿನ ಬಣ್ಣ ಕಿತ್ತು ಬರುತ್ತದೆಯೇ ಹೊರತು ಮಚ್ಚೆ ಹೋಗುವುದಿಲ್ಲ. ಆಮೇಲಿನ ವರ್ಷಗಳ ಕುಂಕುಮವೆಲ್ಲ ತಾನಾಗೇ ಉದುರಿ ಹೋಗಿದೆ. ಅದುರುವ ಮಿಷನ್ನಿನ ಮೇಲೆ ಏನು ತಾನೇ ನಿಲ್ಲುತ್ತದೆ? ಈ ಎರಡು ನಿಂತಿವೆ, ಏಕೆಂದರೆ ಅವನ್ನು ಇಟ್ಟ ಕಾಲಕ್ಕೆ ಮಿಷನ್ನೂ ನಿಂತೇ ಇತ್ತು.

ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಬ್ಬದ ದಿನ ಸಿಟ್ಟು ಮಾಡಿಕೊಳ್ಳಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಸರ್ಕಾರದಿಂದ ಮಿಷನ್ ತಗೊಂಡವರಲ್ಲ. ನೀವು ಕೂತುಕೊಳ್ಳಿ, ಇವತ್ತು ಹೇಗೂ ಹಿಟ್ಟು ಹಾಕುವುದಿಲ್ಲ, ಹೇಳುತ್ತೇನೆ.

ಮೊದಲು ನಾನು ದಾಸರಹಳ್ಳಿ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿದ್ದೆ. ಹೊಲಿದ ಅಂಗಿಗಳಲ್ಲಿ ಜೋತಾಡುವ ದಾರ ಕತ್ತರಿಸುವುದು ನನ್ನ ಕೆಲಸ. ಒಂದು ದಿನ ಕಂಪನಿಯನ್ನು ತುಮಕೂರಿನ ಆಚೆಗೆ ಸಾಗಿಸುತ್ತೇವೆ ಅಂದರು. ಚಿಕ್ಕ ಹುಡುಗಿಯರಿಗೆ ಬಸ್ಸು ಕೊಡುತ್ತೇವೆ ಅಂದರು. ನಮ್ಮಂಥವರಿಗೆ, "ಈ ವಯಸ್ಸಲ್ಲಿ ಅಷ್ಟು ದೂರ ನಿಮಗ್ಯಾಕಮ್ಮಾ ತೊಂದ್ರೆ?" ಅಂದರು. ನಮ್ಮ ತೊಂದರೆ ನೋಡಲಾರದೆ ಕೆಲಸವನ್ನೇ ಕಿತ್ತುಕೊಂಡರು, ಅಷ್ಟು ಒಳ್ಳೆಯವರು. ಗಂಡ ಸತ್ತು ಆಗಲೇ ಬಹಳ ವರ್ಷವಾಗಿತ್ತು. ಇದ್ದಾಗಲೂ ಅವನ ಸಂಪಾದನೆ ಮನೆಯ ಬಾಗಿಲವರೆಗೆ ಬಂದದ್ದು ಕಡಿಮೆ. ಮತ್ತೆಲ್ಲೂ ಕೆಲಸ ಸಿಗಲಿಲ್ಲ. ಸಹಕಾರನಗರದ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯಲು, ನೆಲ ಒರೆಸಲು ಹೋದೆ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು, ಹಾಗಿತ್ತು ನನ್ನ ಮಂಡಿ.

ಹಿಟ್ಟಿನ ಮಿಷನ್ನಿನ ಯೋಚನೆ ಬಂದದ್ದು ಬಸ್ಸಿನಲ್ಲಿ. ಬ್ಯಾಟರಾಯನಪುರದಲ್ಲಿ ಹಳೆಯದೊಂದು ಮಿಷನ್ ಇತ್ತು. ಏರ್‌ಪೋರ್ಟ್ ರಸ್ತೆ ಅಗಲ ಮಾಡುವಾಗ ಒಡೆದು ಹಾಕಿದರು. ಆಮೇಲೆ ನಮ್ಮ ಹೆಂಗಸರೆಲ್ಲ ರಾಗಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಯಲಹಂಕಕ್ಕೆ ಹೋಗುವುದೇ ಆಯಿತು. ಕಂಡಕ್ಟರು ಡಬ್ಬಕ್ಕೂ ಟಿಕೆಟ್ ಕೇಳುತ್ತಿದ್ದ. ಪಾಕೀಟಿನ ಹಿಟ್ಟು ತಗೋಬಾರದೇ ಅಂತ ನೀವು ಕೇಳಬಹುದು. ಅದರಲ್ಲಿ ಒಂದು ಸಲ ಮುದ್ದೆ ಕಟ್ಟಿ ನೋಡಿ, ಆಮೇಲೆ ಮಾತಾಡೋಣ. ಸುತ್ತ ಎಷ್ಟೇ ಅಂತಸ್ತಿನ ಬಿಲ್ಡಿಂಗ್ ಎದ್ದರೂ ನಮ್ಮ ಕಡೆ ಒಲೆಯ ಮೇಲೆ ಕುದಿಯುವುದು ಮುದ್ದೆಯ ಎಸರೇ. ನಾನೇ ಒಂದು ಮಿಷನ್ ಇಟ್ಟರೆ ಮಂಡಿ ಊರದೆ ಬದುಕಬಹುದು ಅನ್ನಿಸಿತು.

ಕೆಲಸವಿಲ್ಲದ ಹೆಂಗಸರಿಗೆ ಸರ್ಕಾರ ಮಿಷನ್ ಕೊಡುತ್ತದೆ ಅಂತ ಪಕ್ಕದ ಮನೆ ಜಯಮ್ಮ ಹೇಳಿದಳು. ಹೋದೆ, ಅರ್ಜಿ ಹಾಕಿದೆ. ಮೊದಲು ತರಬೇತಿ ಅಂದರು. ಫ್ಯಾನಿನ ಕೆಳಗೆ ಕೂರಿಸಿ ಒಬ್ಬರು ಪಾಠ ಮಾಡಿದರು. ಆ ಪಾಠದ ಹೆಸರು ಹೇಳಲು ಈಗಲೂ ನನ್ನ ನಾಲಿಗೆ ಹೊರಳುವುದಿಲ್ಲ. ನೆನಪಿರುವುದು ಒಂದೇ. ಗಿರಾಕಿ ಬಂದಾಗ ನಗುತ್ತಾ ಮಾತಾಡಬೇಕಂತೆ. ಎಲ್ಲರೂ ನಕ್ಕು ತೋರಿಸಿ ಅಂದರು. ನಾನೂ ನಕ್ಕೆ. "ನೀವು ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡ್ಬೇಕಮ್ಮ" ಅಂದರು. ಅವರ ತಪ್ಪಲ್ಲ, ನನ್ನ ಮುಖವೇ ಹಾಗಿದೆ.

ಜಾಗ ಇದೆಯಾ ಅಂತ ಕೇಳಿದರು. ಊರಿನ ಹಳೇ ಕುಳ ನಂಜಪ್ಪನವರ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದಿದ್ದೆ, ಕಾಗದ ತೋರಿಸಿದೆ. ಆ ಜಾಗದಲ್ಲಿ ಮಿಷನ್ ತಿರುಗುವಷ್ಟು ಕರೆಂಟ್ ಇದೆಯಾ ಅಂತ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಬಲ್ಬು ಉರಿಯುತ್ತದೆ, ಮಿಷನ್ನೂ ತಿರುಗುತ್ತದೆ ಅಂದುಕೊಂಡಿದ್ದೆ. ಮೂರನೇ ಕ್ಲಾಸಿನವಳಿಗೆ ತಿಳಿಯಲಿಲ್ಲ ಸರಿ, ಫ್ಯಾನಿನ ಕೆಳಗೆ ಪಾಠ ಮಾಡಿದವರಿಗೆ ಏನಾಗಿತ್ತು?

ಮಿಷನ್ ಬಂತು. ಶಾಮಿಯಾನ ಹಾಕಿ, ಹಾರ ಹಾಕಿ, ದೊಡ್ಡವರೊಬ್ಬರಿಂದ ಕಾಯಿ ಒಡೆಸಿ ಕೊಟ್ಟರು. ಅಂಗಡಿಯ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದರು. ಅವತ್ತು ಸಾಯಂಕಾಲವೇ ವೈರಿನ ಹುಡುಗ ಬಂದು ನೋಡಿ, "ಅಜ್ಜಿ, ಇದಕ್ಕೆ ತ್ರೀ ಫೇಸ್ ಬೇಕು, ನಿಮ್ಮಲ್ಲಿರೋದು ಸಿಂಗಲ್ಲು" ಅಂದ. ಮಿಷನ್ ಕೊಟ್ಟ ಆಫೀಸಿಗೆ ಹೋದೆ. "ಮಿಷನ್ ಕೊಡೋದು ನಾವು, ಕರೆಂಟ್ ಬೇರೆಯವರು." ಕರೆಂಟಿನ ಆಫೀಸಿಗೆ ಹೋದೆ. "ಅಂಗಡಿ ಓನರ್ ಒಪ್ಪಿಗೆ ಪತ್ರ ತನ್ನಿ." ನಂಜಪ್ಪನವರ ಮನೆ ಬಾಗಿಲಿಗೆ ಹೋದೆ.

"ಸೈನ್ ಆಕು ಅಂತೀಯ. ಆಮೇಲೆ ಮೀಟ್ರು ನಿನ್ ಎಸ್ರಲ್ಲಿ ಬತ್ತದೆ. ನಾಳೆ ಅಂಗ್ಡಿನೂ ನಂದೇ ಅಂತೀಯ."

"ನಿಮ್ ಅಂಗ್ಡಿ ತಗೊಂಡು ನಾನೇನ್ ಮಾಡ್ಲಿ ಗೌಡ್ರೆ? ನಂಗೆ ಇಟ್ಟು ಬೀಸಿದ್ರೆ ಸಾಕು."

"ಎಲ್ರೂ ಇಂಗೇ ಅಂತಾರೆ ಕಣಮ್ಮ" ಅಂದು ಪೇಪರ್ ಬಿಡಿಸಿದರು.

ನೋಡಿ, ಇಷ್ಟೂ ಜನರಲ್ಲಿ ಒಬ್ಬರೂ ನನಗೆ ಕೊಡುವುದಿಲ್ಲ ಅನ್ನಲಿಲ್ಲ. ಎಲ್ಲರೂ ನಮ್ಮದಲ್ಲ ಅಂದರು. ಕೊಡುವುದಿಲ್ಲ ಅಂದವನ ಹತ್ತಿರ ಜಗಳವಾಡಬಹುದು. ನಮ್ಮದಲ್ಲ ಅಂದವನ ಹತ್ತಿರ ಏನು ಮಾಡುತ್ತೀರಿ? ಮತ್ತೆ ಪಾತ್ರೆ ತೊಳೆಯಲು ಹೋದೆ. ಆ ಮಂಡಿಯಲ್ಲಿ ದುಡಿದದ್ದನ್ನು ತಂದು, ಸುಮ್ಮನೆ ನಿಂತ ಮಿಷನ್ನಿನ ಅಂಗಡಿಗೆ ಬಾಡಿಗೆ ಕಟ್ಟಿದೆ. ಅಂಗಡಿ ಬಿಟ್ಟರೆ ಮಿಷನ್ ಇಡಲು ಜಾಗವಿಲ್ಲ, ಜಾಗವಿಲ್ಲದಿದ್ದರೆ ಮಿಷನ್ನೇ ಇಲ್ಲ.

ಆಯುಧಪೂಜೆ ಬಂತು. ಕಬ್ಬಿಣದ್ದು ಅಂಗಡಿಯಲ್ಲಿದ್ದ ಮೇಲೆ ಪೂಜೆ ಮಾಡದೆ ಬಿಡುವುದುಂಟೇ? ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದೆ. ಜಯಮ್ಮ ಪುರಿ ತಿನ್ನುತ್ತಾ, "ಅಕ್ಕಾ, ನಿನ್ ಮಿಷನ್ನು ಒಳ್ಳೆ ಸನ್ಯಾಸಿ ಕಣಕ್ಕಾ. ತಿನ್ನಲ್ಲ, ಮಾತಾಡಲ್ಲ, ಪೂಜೆ ಮಾತ್ರ ಮಾಡಿಸ್ಕೊಳ್ತದೆ" ಅಂದಳು. ಎಲ್ಲರೂ ನಕ್ಕರು. ತರಬೇತಿ ಪಡೆದಿದ್ದ ನನಗೆ ಮಾತ್ರ ನಗು ಬರಲಿಲ್ಲ.

ಆಮೇಲೆ ನಂಜಪ್ಪನವರಿಗೆ ಒಂದು ಬುದ್ಧಿ ಹೊಳೆಯಿತು. ಮಿಷನ್ ಹೇಗೂ ಸುಮ್ಮನೆ ನಿಂತಿದೆ, ಅದಕ್ಕೆ ಅಷ್ಟು ಜಾಗ ಯಾಕೆ? ಅಂಗಡಿಯ ನಡುವೆ ಗೋಡೆ ಎಬ್ಬಿಸಿ, ಒಂದನ್ನು ಎರಡು ಮಾಡಿ, ಆಚೆಯ ಅರ್ಧವನ್ನು ಮೊಬೈಲ್ ರೀಚಾರ್ಜಿನವನಿಗೆ ಕೊಟ್ಟರು. ನನ್ನ ಬಾಡಿಗೆ ಮಾತ್ರ ಅರ್ಧವಾಗಲಿಲ್ಲ. ಒಬ್ಬರು ನುಗ್ಗುವಷ್ಟು ಬಾಗಿಲು ಉಳಿಯಿತು. ಆ ಗೋಡೆಗೆ ಯಾರ ಪರ್ಮಿಷನ್ನೂ ಇರಲಿಲ್ಲ. ಅದರ ಮಗ್ಗುಲಲ್ಲೇ ಮಿಷನ್ನಿಗೆ ಎರಡನೇ ಆಯುಧಪೂಜೆಯಾಯಿತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಮಿಷನ್ ಕೊಟ್ಟ ಆಫೀಸಿನಿಂದ ಒಬ್ಬ ಹುಡುಗ ಆಫೀಸರು ಬಂದರು. ಬಗಲಲ್ಲಿ ಬ್ಯಾಗು, ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಗೋಧಿ ಹಿಟ್ಟಿನ ಪಾಕೀಟು.

"ಅಮ್ಮಾ, ಮಿಷನ್ ಓಡ್ತಿರೋ ಫೋಟೊ ಒಂದು ಬೇಕು. ಈ ಹಿಟ್ಟು ಸ್ವಲ್ಪ ಕೈಗೆ ಹಚ್ಕೊಳ್ಳಿ, ಪಕ್ಕದಲ್ಲಿ ನಿಂತ್ಕೊಳ್ಳಿ."

"ಕರೆಂಟೇ ಇಲ್ಲ ಸಾರ್. ಎಂಗ್ ಓಡ್ತದೆ?"

"ಫೋಟೊದಲ್ಲಿ ಓಡ್ತಿದ್ಯೋ ನಿಂತಿದ್ಯೋ ಯಾರಿಗಮ್ಮಾ ಗೊತ್ತಾಗುತ್ತೆ? ಸ್ವಲ್ಪ ನಗಿ."

"ಈ ಫೋಟೊ ತಗೊಂಡೋದ್ಮೇಲೆ ಏನಾಯ್ತದೆ?"

"ನಿಮ್ ಕೇಸ್ ಕಂಪ್ಲೀಟ್ ಆಗುತ್ತೆ."

"ಆಮೇಲೆ ಕರೆಂಟ್ ಬೇಕು ಅಂತ ನಾನ್ ಯಾರ್‌ನ ಕೇಳ್ಲಿ?"

"ಕಂಪ್ಲೀಟ್ ಆದ್ಮೇಲೆ ಮತ್ತೆ ಯಾಕಮ್ಮಾ ಕೇಳ್ತೀರ?"

ಅಂಗಡಿಯಲ್ಲಿ ಕೊಂಡ ಹಿಟ್ಟನ್ನು ಹಿಟ್ಟಿನ ಮಿಷನ್ನಿನವಳ ಕೈಗೆ ಹಚ್ಚಲು ಬಂದಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಮೊದಲು ಕರೆಂಟ್ ಬರಲಿ, ಆಮೇಲೆ ಎಷ್ಟು ಬೇಕಾದರೂ ತೆಗೆಯಿರಿ ಅಂದೆ. ಅವರಿಗೂ ಕೋಪ ಬಂತು.

"ಹಾಗಾದ್ರೆ ಮಿಷನ್ ವಾಪಸ್ ತಗೊಂಡು ಬೇರೆಯವರಿಗೆ ಕೊಡ್ತೀವಿ."

"ತಗೊಂಡೋಗಿ."

ಬಾಯಿ ಹಾಗಂದಿತು. ಅವರು ಹೋದ ಮೇಲೆ ಮಿಷನ್ನಿನ ಪಕ್ಕ ಕೂತೆ. ಅದೂ ಹೋದರೆ ಇನ್ನು ಸಾಯುವವರೆಗೆ ಕಂಡವರ ಮನೆಯ ಸಿಂಕೇ ಗತಿ. ಆ ಹಾಳು ಪಾಕೀಟಿನ ಹಿಟ್ಟು ಹಚ್ಚಿಕೊಂಡು ಒಂದು ಸಲ ಹಲ್ಲು ಬಿಟ್ಟಿದ್ದರೆ ಏನಾಗುತ್ತಿತ್ತು ಅಂತಲೂ ಅನ್ನಿಸಿತು. ಅಟ್ಟಿಸಿಕೊಂಡು ಹೋಗಿ ಕರೆಯೋಣವೆಂದರೆ ಮಂಡಿ ಏಳಗೊಡಲಿಲ್ಲ. ಮಂಡಿಯಿಂದ ನನಗೆ ಆದ ಉಪಕಾರ ಅದೊಂದೇ.

ಹೇಳಿದ ಹಾಗೇ ಟೆಂಪೊ ಬಂತು, ಆಳುಗಳು ಬಂದರು, ಆ ಆಫೀಸರೂ ಬಂದರು. ಬೋಲ್ಟ್ ಬಿಚ್ಚಿ ಎತ್ತಿದರು, ಬಾಗಿಲಿಗೆ ತಂದರು. ನೇರ ಹಿಡಿದರು, ಅಡ್ಡ ಹಿಡಿದರು, ಆಚೆ ಹೋಗಲಿಲ್ಲ. ಹೇಗೆ ಹೋದೀತು? ಅದು ಒಳಗೆ ಬಂದದ್ದು ಗೋಡೆಗೆ ಮುಂಚೆ! ಬಿಚ್ಚಿ ಒಯ್ಯಬಹುದಿತ್ತು. ಒಬ್ಬ ಆಳು ಹಾಗಂದ ಕೂಡ. ಆಫೀಸರು ಒಪ್ಪಲಿಲ್ಲ. "ಇಡೀ ಮಿಷನ್ ಕೊಟ್ಟಿರೋದು, ಇಡೀನೇ ವಾಪಸ್ ತಗೋಬೇಕು. ಬಿಚ್ಚಿ ಏನಾದ್ರೂ ಆದ್ರೆ ಜವಾಬ್ದಾರಿ ಯಾರ್ದು? ಆ ಗೋಡೆ ತೆಗೀರಿ."

ಆಳು ಹಾರೆ ತಗೊಂಡ. ಎದುರು ಮನೆಯಿಂದ ನಂಜಪ್ಪನವರು ಬನಿಯನ್ನಿನಲ್ಲೇ ಓಡಿ ಬಂದರು.

"ಯಾವನ್ಲಾ ಅದು ನನ್ ಗೋಡೆ ಮುಟ್ಟೋನು?"

"ಸರ್ಕಾರದ ಮಿಷನ್ ಒಳಗಿಟ್ಟು ಗೋಡೆ ಕಟ್ಟಿದ್ದೀರಲ್ಲ ಸ್ವಾಮಿ, ಯಾರ ಪರ್ಮಿಷನ್ ತಗೊಂಡ್ರಿ? ನಿಮ್ ಹೆಸರಿಗೇ ನೋಟಿಸ್ ಕೊಡಿಸ್ತೀನಿ."

ನಂಜಪ್ಪನವರ ದನಿ ಇಳಿಯಿತು. "ಈಗ ಏನ್ ಮಾಡ್ಬೇಕು ಅಂತೀರಿ?"

ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅಲ್ಲಿಂದಲೇ ಹೇಳಿದೆ. "ಗೋಡೆ ಉಳೀಬೇಕಾದ್ರೆ ಮಿಷನ್ ಇಲ್ಲೇ ಇರ್ಬೇಕು. ಇಲ್ಲೇ ಇರ್ಬೇಕಾದ್ರೆ ಅದು ಓಡ್ಬೇಕು, ಸಾರ್‌ಗೆ ಫೋಟೊ ಸಿಗ್ಬೇಕು. ಓಡ್ಬೇಕಾದ್ರೆ ನಿಮ್ ಸೈನ್ ಬೇಕು ಗೌಡ್ರೆ."

ಇಬ್ಬರೂ ನನ್ನನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಎರಡು ಹಬ್ಬ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದವರು ಟೆಂಪೊದ ಮೂತಿಯ ಮೇಲೆ ಒಪ್ಪಿಗೆ ಪತ್ರ ಇಟ್ಟು, ನಿಂತ ಕಾಲಲ್ಲೇ ಸೈನ್ ಹಾಕಿದರು. ನನ್ನ ಮಂಡಿಗೆ ಕರಗದವರು ಗೋಡೆಗೆ ಕರಗಿದರು. ಕರೆಂಟ್ ಬೇರೆಯವರು ಅಂದಿದ್ದ ಆಫೀಸಿನ ಆ ಹುಡುಗ ಆಫೀಸರೇ ಪತ್ರ ಹಿಡಿದು ಕರೆಂಟಿನ ಆಫೀಸಿಗೆ ನನ್ನನ್ನು ಟೆಂಪೊದಲ್ಲಿ ಕೂರಿಸಿಕೊಂಡು ಹೋದರು. ಹಾಗಾದರೆ ಮೊದಲೇ ಹೋಗಬಹುದಿತ್ತು, ಅಲ್ಲವೇ? ಇದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಕರೆಂಟ್ ಬಂತು. ಮೊದಲ ಡಬ್ಬ ಜಯಮ್ಮನದು. ಬಿಸಿ ಹಿಟ್ಟಿಗೆ ಕೈಯಿಟ್ಟು, "ಅಯ್ಯೋ ಅಕ್ಕಾ, ಸನ್ಯಾಸಿ ಸಂಸಾರಕ್ಕೆ ಬಂದ" ಅಂದಳು. ಆಫೀಸರು ಮತ್ತೆ ಬಂದು ಫೋಟೊ ತೆಗೆದರು. ನಗಿ ಅಂದರು. ನಾನು ನಗಲಿಲ್ಲ. ಅವರ ಆಫೀಸಿನ ಗೋಡೆಯ ಮೇಲೆ ಆ ಫೋಟೊ ಇದೆಯಂತೆ, ಸರ್ಕಾರದಿಂದ ಬದುಕು ಕಂಡುಕೊಂಡವಳು ಅಂತ. ನೋಡಿ ಬಂದ ಜಯಮ್ಮ, ಯಾರಿಗೋ ಹೊಡೆಯಲು ಹೊರಟವಳ ಹಾಗಿದ್ದೀಯ ಅಂದಳು. ಹಾಗಾದರೆ ಚೆನ್ನಾಗಿಯೇ ಬಂದಿದೆ.

ಇವತ್ತು ಮಚ್ಚೆ ಕೆರೆಯುತ್ತಾ ಕೂತಿದ್ದಾಗ ಹಿಂದಿನ ಬೀದಿಯ ರೂಪ ಬಂದಳು. ಅವಳ ಗಾರ್ಮೆಂಟ್ಸೂ ಮುಚ್ಚಿ ಮೂರು ತಿಂಗಳಾಯಿತು. ಕಡ್ಲೆಪುರಿ ಇಸಕೊಂಡು, ಹೋಗದೆ ಅಲ್ಲೇ ನಿಂತಳು.

"ಅಜ್ಜಿ, ನಂಗೂ ಖಾರದ ಪುಡಿ ಮಿಷನ್ ಕೊಡ್ತೀವಿ ಅಂದಿದ್ದಾರೆ. ತಗೊಳ್ಳಾ ಬೇಡ್ವಾ?"

ಬೇಡ ಅನ್ನಲು ಬಾಯಿ ತೆರೆದೆ. ಆ ಆಫೀಸಿನ ಮೆಟ್ಟಿಲು ಮತ್ತೆ ಹತ್ತುವುದಿಲ್ಲ ಅಂತ ನಾನು ಅವತ್ತೇ ತೀರ್ಮಾನಿಸಿದ್ದೆ. ಆದರೆ ನನ್ನ ಅಕ್ಕಿ ಬೇಳೆ ಬರುವುದು ಈ ಮಿಷನ್ನಿನಿಂದಲೇ. ಬೇಡ ಅಂದರೆ ನನ್ನ ಬಾಯಲ್ಲಿ ಸುಳ್ಳು ಬಂದ ಹಾಗೆ.

"ತಗೋ. ಬಿಟ್ಟಿ ಕೊಡೋರಲ್ಲ ಅವ್ರು, ನಮ್ದೇ ನಮ್ಗೆ ಕೊಡ್ತಾರೆ. ಆದ್ರೆ ಕರೆಂಟ್ ಬರೋಗಂಟ ಅವ್ರ ಮುಂದೆ ಹಲ್ಲು ಬಿಡ್ಬೇಡ."

"ನಂಗೆ ಮಾತಾಡಕ್ಕೆ ಬರಲ್ಲ ಅಜ್ಜಿ. ನೀವೂ ಬತ್ತೀರಾ?"

ನಾಳೆ ರಜ, ನಾಳಿದ್ದು ಬೆಳಿಗ್ಗೆ ಬೇಗ ಬಾ ಅಂದೆ. ಅವಳು ಹೋದ ಮೇಲೆ ಚಾಕು ಒಳಗಿಟ್ಟೆ. ಮಚ್ಚೆಗಳು ಹಾಗೇ ಇರಲಿ ಬಿಡಿ, ರೂಪಳಿಗೆ ತೋರಿಸಲು ಬೇಕಾಗುತ್ತವೆ. ಅವುಗಳ ಪಕ್ಕದಲ್ಲಿ ಈ ವರ್ಷದ ಕುಂಕುಮ ಇಟ್ಟು, ಸ್ವಿಚ್ ಹಾಕಿ, ಪೂಜೆಗೆಂದು ಒಂದೇ ಒಂದು ಸುತ್ತು ತಿರುಗಿಸಿದೆ. ಹೊಸ ಕುಂಕುಮ ಆಗಲೇ ಉದುರತೊಡಗಿತು.