ಹಾಪ್ಸ್ ಬಳ್ಳಿ ನೋಡಲು ಬಂದ ಅಣ್ಣ

ಬಿಯರಿಗೆ ಕಹಿ ಕೊಡುವ ಹೂವು ಬಿಡುತ್ತದಂತೆ ಎಂದು ನನ್ನ ಗಂಡ ಯಾರಿಂದಲೋ ಹಾಪ್ಸ್ ಬಳ್ಳಿಯ ಬೇರು ತಂದು, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಯ ಹಿತ್ತಲಲ್ಲಿ ನೆಟ್ಟರು. ನೆಟ್ಟಿದ್ದಷ್ಟೇ ಅವರ ಪಾಲು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವರಿಗೆ ಗಿಡದ ಉಸಾಬರಿ ಎಲ್ಲಿಂದ? ನೀರು, ಗೊಬ್ಬರ, ಹಗ್ಗ ಕಟ್ಟುವುದು ಎಲ್ಲ ನನ್ನ ತಲೆಗೇ ಬಂತು. ಹೂವಂತೂ ಒಂದೂ ಬಿಡಲಿಲ್ಲ. ಬೇಸಿಗೆಯಲ್ಲಿ ಎಲೆಗಳೂ ಕೈಕೊಟ್ಟವು. ಮೊದಲು ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕಿ, ಆಮೇಲೆ ಹಳದಿ, ಕೊನೆಗೆ ಅಂಚು ಸುಟ್ಟು ಮುರುಟಿಕೊಳ್ಳುವುದು. ನೀರು ಸಾಲದೇನೋ ಎಂದು ಕೊಡಗಟ್ಟಲೆ ಸುರಿದೆ. ಇನ್ನಷ್ಟು ಹದಗೆಟ್ಟಿತು.

ಎಲೆ ನೋಡಿ ರೋಗ ಹೇಳುವುದರಲ್ಲಿ ನನ್ನ ಅಣ್ಣ ಗಟ್ಟಿಗ. ಬಂಗಾರಪೇಟೆ ಹತ್ತಿರದ ನಮ್ಮೂರಲ್ಲಿ ಟೊಮೆಟೊ ಬೆಳೆಯುತ್ತಾನೆ. ಆದರೆ ನಾನು ತಮಿಳು ಮನೆಯ ಹುಡುಗನನ್ನು ಇಷ್ಟಪಟ್ಟು ಮದುವೆಯಾದಾಗ, ನಿನ್ನ ಮನೆ ಹೊಸಿಲು ತುಳಿಯುವುದಿಲ್ಲ ಎಂದವನು ಅಂದಿನಿಂದ ತುಳಿದಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ನನಗೆ ಉಳಿದದ್ದು ಅವನೊಬ್ಬನೇ. ಪೇಟೆಯಲ್ಲಿ ಸಿಕ್ಕರೆ 'ಚೆನ್ನಾಗಿದ್ದೀಯಾ' ಅನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಆ ಸಲ ಒಂದಷ್ಟು ಎಲೆಗಳನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಪೇಟೆಗೆ ಹೋಗಿ ಅವನಿಗೆ ತೋರಿಸಿದೆ. ರೈಲಿನ ಸೆಕೆಗೆ ಸೊಪ್ಪಾಗಿದ್ದವು. ಅಣ್ಣ ಮೂಗು ಮುರಿದ.

"ಕಿತ್ತು ಬಾಡಿರೋ ಎಲೇಲಿ ಏನ್ ನೋಡ್ಲಿ? ಬಳ್ಳಿ ಮ್ಯಾಲೇ ತಿರುವಿ ನೋಡ್ಬೇಕು ಕಣಮ್ಮಾ. ಭಾನುವಾರ ಬತ್ತೀನಿ."

ಬಂದ. ಮುಂಬಾಗಿಲಿಗಲ್ಲ, ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ. ಹಿತ್ತಲಿಗೆ ಹೊಸಿಲಿಲ್ಲವಲ್ಲ! ನನಗೆ ನಗು ಬಂತು, ಅಳುವೂ ಬಂತು. ಎಲೆಯ ಕೆಳಗೆ ತನ್ನ ಬಿಳಿ ಟವೆಲ್ ಹಿಡಿದು ತಟ್ಟಿದ. ಉದುರಿದ ದೂಳಿನಲ್ಲಿ ಕೆಲವು ಚುಕ್ಕಿಗಳು ಮೆಲ್ಲಗೆ ನಡೆಯತೊಡಗಿದವು.

"ನೀರು ಸಾಲ್ದೆ ಅಲ್ಲ, ನುಸಿ ಇದು. ಟಮಾಟಕ್ಕೂ ಬತ್ತದೆ. ಗಣಿ ಮಣ್ಣು ಸುರಿದಿರೋ ಸೈನೈಡ್ ದಿಬ್ಬದ ದೂಳು ಕುಂತು ಇನ್ನೂ ಜಾಸ್ತಿ ಆಗೈತೆ. ಅಲ್ಲಾ, ಕುಡುಕರ ಬಳ್ಳಿಗೂ ನಾನೇ ಔಸ್ದಿ ಮಾಡ್ಬೇಕಾ?"

ಬಯ್ಯುತ್ತಲೇ ಕೆಳಗಿನ ಎಲೆಗಳನ್ನೆಲ್ಲ ಕಿತ್ತು ಸುಟ್ಟ. ದಿನಾ ಬೆಳಿಗ್ಗೆ ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯಲು ಹೇಳಿದ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆಂದು ಸಂಜೆಯವರೆಗೆ ಕಾದು, ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಿದ. ಮೊಟ್ಟೆಗಳಿಂದ ಮತ್ತೆ ನುಸಿ ಏಳುತ್ತದೆ, ಮುಂದಿನ ವಾರವೂ ಹೊಡೆಯಬೇಕು ಎಂದ.

ಹೀಗೆ ನನ್ನ ಭಾನುವಾರಗಳು ಹಬ್ಬವಾದವು. ಮೊದಲ ಸಲ ಕಾಫಿ ಬೇಡವೆಂದವನು ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು ಕುಡಿದ. ನನ್ನ ಗಂಡ ಪಂಪು ಹಿಡಿದುಕೊಂಡು ಅವನ ಹಿಂದೆ ಮುಂದೆ ಓಡಾಡಿದರು. ಅವರ ಕನ್ನಡ, ಇವನ ಹರಕು ತಮಿಳು, ಕೇಳುವುದಕ್ಕೆ ಚಂದ. ಒಂದು ಸಂಜೆ ದಿಢೀರನೆ ಮಳೆ ಬಂದು ಅಣ್ಣ ಸೂರಿನಡಿ ನಿಂತ. ಹಿತ್ತಲ ಬಾಗಿಲು ಅವನ ಬೆನ್ನಿಗೇ ಇತ್ತು.

"ಒಳಕ್ಕೆ ಬಾ ಅಣ್ಣ," ಎಂದೆ.

ಅವನು ಬಾಗಿಲ ಕಡೆ ತಿರುಗಿ ನೋಡಿದ. "ಮುಂದಿನ್ ವಾರ ನೋಡಾನ," ಎಂದ.

ಆ ವಾರವೆಲ್ಲ ನಾನು ಮನೆ ಗುಡಿಸಿದ್ದೇ ಗುಡಿಸಿದ್ದು. ಅವನಿಗೆ ಇಷ್ಟವೆಂದು ಅವರೆಬೇಳೆ ತಂದಿಟ್ಟೆ. ಶನಿವಾರ ಫೋನ್ ಮಾಡಿದ.

"ಎಲೆ ಎಂಗವೆ?"

"ಒಂದು ಚುಕ್ಕೀನೂ ಇಲ್ಲ ಅಣ್ಣ, ಎಲ್ಲಾ ಅಚ್ಚ ಹಸುರು," ಎಂದೆ. ಅವನ ಕೈಗುಣವನ್ನು ಹೊಗಳಿದೆನೆಂದೇ ನನ್ನ ಹಿಗ್ಗು.

"ಅಂಗಾರೆ ಇನ್ನೇನ್ ಕೆಲ್ಸ ಅಲ್ಲಿ ನಂಗೆ," ಎಂದ. ಎಂದವನು ಫೋನಿಡಲಿಲ್ಲ. ಎಲೆ ಹಾಳಾಗಲಿ, ನೀನು ಬಾ ಅನ್ನುವುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕರೆದು ಇಲ್ಲ ಅನ್ನಿಸಿಕೊಂಡರೆ ಎಂಬ ಅಂಜಿಕೆ ಬಾಯಿ ಕಟ್ಟಿತು.

"ಹೂಂ ಅಣ್ಣ," ಎಂದುಬಿಟ್ಟೆ.

ಅವನು ಇನ್ನೂ ಒಂದು ಗಳಿಗೆ ಕಾದ. ಆಮೇಲೆ ಫೋನಿಟ್ಟ.