ಗಾರೆಯಜ್ಜ ತೋರಿಸಿದ ಕೊನೆಯ ಗೋಡೆ

ಗಾರೆಯಜ್ಜನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಸುಣ್ಣ ಕಲಸಿ, ನುಣುಪು ಕಲ್ಲಿನಿಂದ ಗೋಡೆ ಉಜ್ಜಿ ಉಜ್ಜಿ ಎಲ್ಲ ಅಳಿಸಿಹೋಗಿದ್ದವು. "ಶಾಸ್ತ್ರ ಹೇಳೋನು ನನ್ನ ಕೈ ನೋಡಿ ಎದ್ದು ಓಡಿದ ಕಣಪ್ಪ" ಎಂದು ನಗುತ್ತಿದ್ದರು.

ಮೊಳಕಾಲ್ಮೂರಿನವರು. ಚಳ್ಳಕೆರೆಯಲ್ಲಿ ಯಾರು ಮನೆ ಕಟ್ಟಿಸಿದರೂ ಒಳಗೋಡೆಗೆ ಗಾರೆ ಮೆತ್ತಿ ಚಿತ್ರ ಬರೆಯಲು ಅವರೇ ಬರಬೇಕು. ಕೆಲಸ ಮುಗಿದ ಸಂಜೆ ಮನೆಯವರು ನಾಲ್ಕು ಜನರನ್ನು ಕರೆಯುತ್ತಿದ್ದರು. ಅಜ್ಜ ಎಣ್ಣೆದೀಪ ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತ, ದೀಪದ ಗೂಡು ಎಷ್ಟೆತ್ತರ ಇರಬೇಕು, ಕನ್ನಡಿ ಯಾಕೆ ಬಾಗಿಲಿಗೆ ಎದುರಾಗಬಾರದು ಎಂದೆಲ್ಲ ಹೇಳುತ್ತಿದ್ದರು. ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದಾಗ ನಾನು ಒಂದು ಸಂಜೆಯನ್ನೂ ತಪ್ಪಿಸುತ್ತಿರಲಿಲ್ಲ. ಮನೆಯೊಂದನ್ನು ಹೇಗೆ ನೋಡಬೇಕೆಂದು ಕಲಿತದ್ದು ಅಲ್ಲೇ.

ಆ ಸಲ ಕಂಬಳಿ ವ್ಯಾಪಾರದ ಸಾಹುಕಾರರ ಮನೆ. ಮಗಳ ಮದುವೆ ಹತ್ತಿರವಿತ್ತು, ಗೋಡೆ ಇನ್ನೂ ಹಸಿ. ಬೇಗ ಆರಲೆಂದು ಅವರು ಕೋಣೆಯಲ್ಲಿ ಮೂರು ಅಗ್ಗಿಷ್ಟಿಕೆ ತುಂಬ ಇದ್ದಿಲ ಕೆಂಡ ಇಡಿಸಿ, ಧೂಳು ಬಣ್ಣಕ್ಕೆ ಅಂಟದಂತೆ ಬಾಗಿಲು ಕಿಟಕಿ ಮುಚ್ಚಿಸಿದ್ದರು. ನಾವು ಆರು ಗಂಡಸರು ಒಳಗೆ ಕೂತು ಬಹಳ ಹೊತ್ತಾದ ಮೇಲೆ ಅಜ್ಜ ಬಂದರು.

"ಗೋಡೆ ತಾನಾಗೇ ಆರಬೇಕ್ರಿ ಸಾವ್ಕಾರ್ರೇ. ಬೆಂಕಿ ತೆಗೆಸ್ರಿ."

"ಏ ಮುದುಕ, ನಿನ್ನ ಗೋಡೆ ಆರೋ ಹೊತ್ತಿಗೆ ನನ್ನ ಮಗಳಿಗೆ ಮೊಮ್ಮಕ್ಕಳಾಗ್ತಾವೆ. ತೋರ್ಸು, ತೋರ್ಸು."

ಎಲ್ಲರೂ ನಕ್ಕೆವು. ಅಜ್ಜ ದೀಪ ಎತ್ತಿದರು. ಗೋಡೆಯಲ್ಲಿ ಆಳೆತ್ತರದ ಹೆಂಗಸು, ಕೈಯಲ್ಲಿ ಗಿಣಿ. ನನ್ನ ತಲೆ ಭಾರವಾಗಿತ್ತು. ಅದೂ ಹಿತವಾಗಿಯೇ ಇತ್ತು. ನೋಡುತ್ತಿದ್ದಂತೆ ಆಕೆಯ ಸೆರಗು ಮೆಲ್ಲಗೆ ಏರಿತು, ಇಳಿಯಿತು. ಆಕೆ ಉಸಿರಾಡುತ್ತಿದ್ದಳು. ನನಗೆ ಆಶ್ಚರ್ಯವಾಗಲಿಲ್ಲ.

"ಎಲ್ಲಿ ತಪ್ಪೈತೆ ಹೇಳ್ರಿ ನೋಡಾನ" ಎಂದರು ಅಜ್ಜ.

ದೃಷ್ಟಿಯಾಗದಿರಲೆಂದು ಪ್ರತಿ ಚಿತ್ರದಲ್ಲೂ ಬೇಕೆಂದೇ ಒಂದು ತಪ್ಪು ಬಿಡುತ್ತಿದ್ದರು. ಜನ ಮೇಲೆ ಬಿದ್ದು ಅದನ್ನು ಹುಡುಕಿ ಹೀಯಾಳಿಸಬೇಕು. ಆ ಸಂಜೆ ಯಾರೂ ತುಟಿ ಬಿಚ್ಚಲಿಲ್ಲ. ಸಾಹುಕಾರರ ಗದ್ದ ಎದೆಗೆ ಬಿದ್ದಿತ್ತು.

"ಅಯ್ಯೋ, ಕೆಂಡದ ವಿಷ! ಏಳ್ರಿ! ಲೇವಂಡಿ!" ಗಾಬರಿಯಲ್ಲಿ ಅಜ್ಜನ ಬಾಯಿಗೆ ತೆಲುಗು ಬಂತು. ಬಾಗಿಲು ತೆಗೆದು, ಒಬ್ಬೊಬ್ಬರನ್ನೇ ಕಂಕುಳಿಗೆ ಕೈಕೊಟ್ಟು ಜಗಲಿಗೆ ಎಳೆದು ಹಾಕಿದರು. ಕೊನೆಗೆ ನನ್ನನ್ನು. ಎಪ್ಪತ್ತರ ಜೀವ, ಏದುಸಿರು ಬಿಡುತ್ತ ಕಂಬಕ್ಕೆ ಒರಗಿದರು.

"ಎಲ್ಲಾರೂ ಬಂದ್ರೇನಪ್ಪ?"

ನಾನು ಹೇಳಿದೆ: "ಅಜ್ಜಾ, ಒಬ್ಬ ಹೆಂಗಸು ಒಳಗೇ ಇದ್ದಾಳೆ."

ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಒಳಗೆ ಹೋದರು.

ನೆರೆಯವರು ಓಡಿಬಂದು ಹೊರಗೆ ತಂದಾಗ ಉಸಿರಿರಲಿಲ್ಲ. ಚಿತ್ರದ ಬುಡದಲ್ಲೇ ಬಿದ್ದಿದ್ದರಂತೆ.

ಆ ಸಂಜೆ ಹೆಂಗಸರನ್ನು ಯಾರೂ ಕರೆದಿರಲಿಲ್ಲ. ಅಜ್ಜನಿಗೂ ಅದು ಗೊತ್ತಿತ್ತು. ಅವರ ತಲೆಯೂ ಮಂಕಾಗಿತ್ತೋ, ಇದ್ದರೂ ಇರಬಹುದೆಂದು ಹೋದರೋ, ಹೇಳುವವರಿಲ್ಲ. ಮಂಪರಿನಲ್ಲಿ ಆಡಿದ ಮಾತು, ನಿನ್ನ ತಪ್ಪಲ್ಲ ಎಂದು ಎಲ್ಲರೂ ಸಮಾಧಾನ ಮಾಡಿದರು. ಸಾಹುಕಾರರು ಆ ಗೋಡೆಯನ್ನೇ ಕೆಡವಿಸಿದರು. ನಾನು ಮಾತ್ರ ಮನಸ್ಸಿನಲ್ಲಿ ಆ ಮಾತನ್ನು ಇಂದಿಗೂ ಹೇಳುತ್ತಲೇ ಇದ್ದೇನೆ. ಹೇಳಿದಾಗಲೆಲ್ಲ ಅವರು ಕಂಬ ಬಿಟ್ಟು ಒಳಗೆ ಹೋಗುತ್ತಾರೆ.