ತನ್ನ ತಪ್ಪನ್ನು ತಾನೇ ಹೇಳಿಬಂದ ಗಣಿತದ ಅಕ್ಕೋರು

ಮುನವಳ್ಳಿಯ ಸಮುದಾಯ ಭವನದಲ್ಲಿ ಗೋಡೆಗೆ ಬಳಿದ ಕಪ್ಪು ಬಣ್ಣವೇ ಹಲಗೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹುಡುಗಿಯೊಬ್ಬಳು ಸೀಮೆಸುಣ್ಣ ಹಿಡಿದು ನಿಂತಿದ್ದಾಳೆ. ಲೆಕ್ಕ ನಡುದಾರಿಯಲ್ಲಿ ತಪ್ಪಿದೆ. ಅಳಿಸಲು ಅಂಗೈ ಎತ್ತಿದವಳನ್ನು ಹಿಂದಿನಿಂದ ಒಂದು ದನಿ ತಡೆಯುತ್ತದೆ: "ಅಳಸಬ್ಯಾಡ ತಂಗಿ. ಎಲ್ಲಿ ದಾರಿ ತಪ್ಪಿದಿ, ಎಲ್ಲಾರಿಗೂ ತೋರ್ಸು."

ದನಿ ಪೂನಮ್ ಅವರದು. ಸವದತ್ತಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾರೆ. ಕಾಲೇಜಿಗೆ ಹೋಗುವ ಬಸ್ಸು ಹಿಡಿಯುವ ಮೊದಲು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದ ಹುಡುಗಿಯರಿಗೆ ಇಲ್ಲಿ ಪಾಠ. "ನಪಾಸ್ ಅಂದ್ರ ಇವರಿಗೆ ಜೀವಾನ ಹೋದಂಗ ಆಕ್ಕೈತ್ರಿ. ನಾ ಇದ್ದು ಬಂದ ಜಾಗಾದಾಗ ದೊಡ್ಡದೊಡ್ಡವರು ದಿನಾ ನಪಾಸ್ ಆಗ್ತಿದ್ರು" ಎನ್ನುತ್ತಾರೆ.

ಆ ಜಾಗ ಚೆನ್ನೈನ ಒಂದು ಗಣಿತ ಸಂಶೋಧನಾ ಸಂಸ್ಥೆ. ಪೂನಮ್ ಅವರ ತಂದೆ ಪರಶು ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದವರು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮಗಳು ಸಂಶೋಧನೆಗೆಂದು ಅಲ್ಲಿಗೆ ಹೋದಳು. ಮೊದಲ ವಾರವೇ ಒಂದು ಆಘಾತ. ಅವಳ ಮಾರ್ಗದರ್ಶಕ ವಿರೂಪಾಕ್ಷ ಸರ್ ತುಂಬಿದ ಸಭೆಯಲ್ಲಿ ಹಲಗೆಯ ತುಂಬ ಬರೆದು, ತಟ್ಟನೆ ಕೈ ನಿಲ್ಲಿಸಿ, "ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ" ಎಂದು ಕುಳಿತುಬಿಟ್ಟರು. ಯಾರೂ ನಗಲಿಲ್ಲ. ಪೂನಮ್‌ಗೆ ಇದು ಹೊಸದು. ಗೊತ್ತಿಲ್ಲ ಎಂದವರು ಬೆಂಚಿನ ಮೇಲೆ ನಿಲ್ಲುವುದನ್ನಷ್ಟೇ ಅವಳು ಅಲ್ಲಿಯವರೆಗೆ ಕಂಡಿದ್ದಳು.

ಅವಳ ವಿಷಯ ಹಗ್ಗದ ಗಂಟುಗಳ ಗಣಿತ: ನೋಡಲು ಬೇರೆ ಬೇರೆಯಾಗಿ ಕಾಣುವ ಎರಡು ಗಂಟುಗಳು ನಿಜಕ್ಕೂ ಒಂದೇ ಎಂದು ತೋರಿಸುವುದು ಹೇಗೆ? ನಾಲ್ಕನೆಯ ವರ್ಷ ಉತ್ತರ ಸಿಕ್ಕಿತು. ಪ್ರಬಂಧವನ್ನು ಪರಿಶೀಲಿಸಿದವರು ಒಪ್ಪಿದರು. ಜರ್ಮನಿಯ ವಿಶ್ವವಿದ್ಯಾಲಯವೊಂದು ಕೆಲಸಕ್ಕೆ ಕರೆಯಿತು. ಮುನವಳ್ಳಿಯಲ್ಲಿ ಪರಶು ಓಣಿಗೆಲ್ಲ ಫೇಡೆ ಹಂಚಿದರು.

ಹೊರಡಲು ಕೆಲವೇ ದಿನ ಇದ್ದಾಗ ಒಂದು ಬೆಳಿಗ್ಗೆ, ಆ ಫಲಿತಾಂಶದ ಬಗ್ಗೆ ಸಂಸ್ಥೆಯಲ್ಲಿ ಮರುದಿನ ಕೊಡಬೇಕಿದ್ದ ಉಪನ್ಯಾಸಕ್ಕೆ ತಯಾರಾಗುತ್ತ, ಪೂನಮ್ ತಾನೇ ಬರೆದ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. 'ಇದು ಎಲ್ಲ ಗಂಟುಗಳಿಗೂ ಅನ್ವಯಿಸುತ್ತದೆ.' ಅನ್ವಯಿಸುತ್ತಿರಲಿಲ್ಲ. ಒಂದು ಬಗೆಯ ಗಂಟು ಆ ಸಾಲಿಗೆ ಸಿಗದೆ ನುಣುಚಿಕೊಳ್ಳುತ್ತಿತ್ತು. ಅದರ ಮೇಲೆ ನಿಂತಿದ್ದದ್ದೆಲ್ಲ ಕುಸಿಯಿತು.

"ಮುಂದಿದ್ದ ಚಾ ಆರಿ ಕೆನಿ ಕಟ್ಟಿತ್ತು. ಯಾರಿಗೂ ಗೊತ್ತಿದ್ದಿದ್ದಿಲ್ರಿ. ಸುಮ್ಮ ಇದ್ದಿದ್ರ ವಿಮಾನಾ ಹತ್ತತಿದ್ನಿ" ಎಂದು ಪೂನಮ್ ನೆನೆಯುತ್ತಾರೆ.

ಅವಳು ಸುಮ್ಮನಿರಲಿಲ್ಲ. ನೇರ ವಿರೂಪಾಕ್ಷ ಸರ್ ಕೋಣೆಗೆ ಹೋದಳು. ಅವರು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಆ ತಪ್ಪು ಅವರ ಕಣ್ಣಿಗೂ ಬಿದ್ದಿರಲಿಲ್ಲ. ಕೊನೆಗೆ, "ಉಪನ್ಯಾಸ ನಿಲ್ಲಿಸಬೇಡ. ಇದನ್ನೇ ಹೇಳು" ಎಂದರು. ಮರುದಿನ ಪೂನಮ್ ಎಲ್ಲರೆದುರು ತನ್ನ ಫಲಿತಾಂಶವನ್ನು ತಾನೇ ಮುರಿದು ತೋರಿಸಿದಳು. ಪ್ರಬಂಧ ಹಿಂದಕ್ಕೆ ಬಂತು, ಜರ್ಮನಿಯ ಕರೆಯೂ ಹೋಯಿತು. ಅಳಿದುಳಿದ ನಿಜವನ್ನು ಜೋಡಿಸಿ ಪಿಎಚ್.ಡಿ. ಪದವಿ ಪಡೆಯಲು ಮತ್ತೆ ಎರಡು ವರ್ಷ ಬೇಕಾಯಿತು.

ಮನೆಯಲ್ಲಿ ಸುದ್ದಿ ತಿಳಿದ ಪರಶು ಕೇಳಿದ್ದು ಒಂದೇ ಮಾತು: "ಯಾರೂ ನೋಡಿದ್ದಿಲ್ಲಂತಿ. ಮತ್ತ ನೀನಽ ಯಾಕ ಹೇಳಿದಿ ಮಗಳ?" "ನಾ ನೋಡಿದ್ನಲ್ಲಪ್ಪ" ಎಂದು ಅವಳು ಕೊಟ್ಟ ಉತ್ತರ ಅವರಿಗೆ ಹಿಡಿಸಲಿಲ್ಲ. ಎಷ್ಟೋ ದಿನ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ಈಗ ಭವನದ ಬೀಗ ತೆಗೆದು ಕಸ ಹೊಡೆಯುವವರು ಅವರೇ.

ಸವದತ್ತಿಯಲ್ಲಿ ಕೆಲಸ ಸಿಕ್ಕ ವರ್ಷ, ಮುನವಳ್ಳಿಯ ತಮ್ಮದೇ ಓಣಿಯ ಯಲ್ಲವ್ವನ ಮಗಳು ರೇಣು ಗಣಿತದಲ್ಲಿ ನಪಾಸಾದಳು. ಮನೆಯಲ್ಲಿ ಲಗ್ನದ ಮಾತು ಶುರುವಾಗಿತ್ತು. ಯಾವ ಲೆಕ್ಕ ತಪ್ಪಿತೆಂದು ಪೂನಮ್ ಕೇಳಿದರು.

"ಏನೂ ಬರದಽ ಇಲ್ರಿ ಅಕ್ಕೋರ," ಎಂದಳು ರೇಣು. "ಉತ್ತರ ಬರ್ತಿದ್ವು. ಖಾತ್ರಿ ಇದ್ದಿದ್ದಿಲ್ಲ. ತಪ್ಪಾದ್ರ ನಗ್ತಾರಂತ ಖಾಲಿ ಹಾಳಿ ಕೊಟ್ಟು ಬಂದ್ನಿ."

ತನ್ನ ಪ್ರಬಂಧ ಕುಸಿದ ದಿನಕ್ಕಿಂತ ಹೆಚ್ಚಾಗಿ ಅಂದು ಎದೆ ಧಸಕ್ಕೆಂದಿತು ಎನ್ನುತ್ತಾರೆ ಪೂನಮ್. ಅವರು ಯಲ್ಲವ್ವನ ಕೈಹಿಡಿದು ಒಂದು ವರ್ಷದ ಅವಧಿ ಬೇಡಿದರು. ಮರುದಿನ ಬೆಳಗಿನಿಂದಲೇ ಭವನದಲ್ಲಿ ಪಾಠ ಆರಂಭವಾಯಿತು.

ಮತ್ತೆ ಪರೀಕ್ಷೆ ಬಂತು. ರೇಣು ಮತ್ತೆ ನಪಾಸಾದಳು. ಅಂಜುತ್ತಲೇ ಅವರ ಮನೆಗೆ ಹೋದ ಪೂನಮ್ ಹೊಸ್ತಿಲಲ್ಲೇ ನಿಂತರು. ಹುಡುಗಿ ನಗುತ್ತಿದ್ದಳು.

"ಎರಡಽ ಮಾರ್ಕಿನಾಗ ಹೋತ್ರಿ ಅಕ್ಕೋರ! ಈ ಸಲ ಒಂದೂ ಹಾಳಿ ಖಾಲಿ ಬಿಟ್ಟಿಲ್ಲ. ಎಲ್ಲೆಲ್ಲಿ ತಪ್ಪ್ಯಾವಂತ ನಂಗ ಗೊತ್ತೈತಿ, ಹೇಳ್ಲೇನ್ರಿ?"

ಬಯ್ಯಲು ಬಾಯಿ ತೆರೆದಿದ್ದ ಯಲ್ಲವ್ವ ಮಗಳು ತನ್ನ ತಪ್ಪುಗಳನ್ನು ಎಣಿಸುವುದನ್ನು ಕೇಳುತ್ತ ಕುಳಿತರು. ಲಗ್ನದ ಮಾತು ಅಲ್ಲಿಗೇ ನಿಂತಿತು. ಮುಂದಿನ ಸಲ ಪಾಸಾದ ರೇಣು ಈಗ ಪಿಯುಸಿಯಲ್ಲಿ ಗಣಿತವನ್ನೇ ಆರಿಸಿಕೊಂಡಿದ್ದಾಳೆ.

ಬಸ್ಸಿನ ಹೊತ್ತಾಯಿತು. ಕೈಗಂಟಿದ ಸುಣ್ಣ ಕೊಡವುತ್ತ ಪೂನಮ್ ಮೆಟ್ಟಿಲಿಳಿಯುತ್ತಾರೆ. "ಅವತ್ತ ಅಕಿ ನಗೂದು ನೋಡಿ ನಂಗ ಗಾಬರಿ ಆತ್ರಿ," ಎನ್ನುತ್ತಾರೆ. "ನಾ ಬಿದ್ದಾಗ ನಗಾಕ ನಂಗ ಎರಡು ವರ್ಷ ಹಿಡೀತು. ನಮ್ಮ ಹುಡುಗಿ ಅವತ್ತಽ ನಕ್ಕಳು."